ಅರ್ಧ ಕಾಗದಕ್ಕೆ ಬಿದ್ದ ಸಹಿ

ತೊಂಗ್ಯೊಂಗ್
೧೧ ಮಾರ್ಚ್ ೨೦೧೯

ಪ್ರೀತಿಯ ಜೋಂಗ್‌ಸುಕ್,

ಹೇಗಿದ್ದೀಯ? ನಿನ್ನ ಕಾಗದಕ್ಕೆ ಉತ್ತರಿಸುವುದು ತಡವಾಯಿತು, ಬೈಯಬೇಡ. ಸಿಂಪಿ ಬಿಡಿಸುವ ಶೆಡ್ಡಿನಲ್ಲಿ ಕೈತುಂಬ ಕೆಲಸ, ಬೆರಳೆಲ್ಲ ಸೀಳಿವೆ. ಹಡಗುಕಟ್ಟೆ ಮ್ಯಾನೇಜರ್ ಹೆಂಡತಿಯಾಗುವ ಮುಂಚೆ ನೀನೂ ನನ್ನ ಪಕ್ಕ ನಿಂತು ಚಿಪ್ಪು ಒಡೆದವಳೇ, ನಿನಗೇನು ಹೇಳುವುದು.

ಹಡಗುಕಟ್ಟೆಯಲ್ಲಿ ಕೆಲಸದ ಮೇಲಿದ್ದಾಗ ನಮ್ಮ ಯಜಮಾನರ ಮೆದುಳಿನ ಬಲಭಾಗಕ್ಕೆ ಹೊಡೆತ ಬಿದ್ದು ಐದು ತಿಂಗಳಾಯಿತು. ಮಾತು ಮೊದಲಿನಂತೆ ಗಳಗಳ. ಎಡಗಡೆಯ ಲೋಕ ಮಾತ್ರ ಇನ್ನೂ ಅವರ ಪಾಲಿಗಿಲ್ಲ. ಮೊನ್ನೆ ಊಟಕ್ಕೆ ಕೂತು, ಬಲಗಡೆಯ ಸಾರನ್ನೆಲ್ಲ ಕುಡಿದು, "ಏನೇ, ಅನ್ನ ಇಡೋದೇ ಮರೆತ್ಯಾ? ಮುದುಕಿ ಆಗ್ಹೋದೆ ನೀನು" ಎಂದರು. ಅನ್ನದ ಬಟ್ಟಲು ಎಂದಿನಂತೆ ಎಡಗಡೆ ಹಬೆಯಾಡುತ್ತಿತ್ತು. ನಾನು ಅತ್ತುಬಿಟ್ಟೆ. "ಯಾಕೆ ನಗ್ತೀಯ?" ಎಂದು ಕೇಳಿದರು; ಅಳುವ ಮುಖವೂ ಅವರಿಗೀಗ ತಿಳಿಯದು.

ಚಿಕಿತ್ಸೆ ಕೊಡುವ ಹುಡುಗಿ ಸೆರಿನ್ ಬಿಡಿಸಿ ಹೇಳಿದಳು: "ಅಮ್ಮಾ, ಮೇಲೆ ಕ್ರೇನ್ ಓಡಿಸೋನೊಬ್ಬ, ಕೆಳಗೆ ನಿಂತು ಸನ್ನೆ ಮಾಡೋನೊಬ್ಬ ಇರ್ತಾರಲ್ವಾ? ಮೆದುಳೂ ಹಂಗೇ. ಸನ್ನೆ ಮಾಡೋನು ಬಿದ್ದುಹೋಗಿದಾನೆ. ಮೇಲಿರೋನು ಏನೂ ಕಾಣದೇನೇ 'ಎಲ್ಲಾ ಸರಿ ಇದೆ' ಅಂತ ಕೂಗ್ತಿದಾನೆ." ಅವಳು ಯಾವಾಗಲೂ ಅವರ ಎಡಕ್ಕೇ ನಿಂತು ಮಾತಾಡಿಸುತ್ತಾಳೆ. ಪ್ರತಿ ಹಾಳೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, "ಮೊದ್ಲು ಕೆಂಪು ಹುಡುಕಿ, ಆಮೇಲೆ ಓದಿ" ಎನ್ನುತ್ತಾಳೆ. ಹೋದ ವಾರ ಪತ್ರಿಕೆಯ ಒಂದು ತಲೆಬರಹ ಪೂರ್ತಿ ಓದಿದರು! ಇನ್ನು ಮೂರು ತಿಂಗಳು ಬಿಡದೆ ಮಾಡಿದರೆ ಒಬ್ಬರೇ ರಸ್ತೆ ದಾಟಬಹುದು ಎಂದಿದ್ದಳು.

ಕಳೆದ ಸೋಮವಾರ, ನಾನು ಶೆಡ್ಡಿನಲ್ಲಿದ್ದಾಗ, ನಿನ್ನ ಗಂಡ ಆಸ್ಪತ್ರೆಗೆ ಬಂದರಂತೆ. ಕೈಯಲ್ಲಿ ಕಿತ್ತಳೆ, ಬಾಯಲ್ಲಿ "ಅಣ್ಣಾ, ಅಣ್ಣಾ". ಮುಂದಿಟ್ಟ ಕಾಗದದಲ್ಲಿ ಅಕ್ಕಪಕ್ಕ ಎರಡು ಅಂಕಣ. ಬಲಗಡೆ, ಹಡಗುಕಟ್ಟೆಯಲ್ಲಿ ಹಗುರ ಕೆಲಸ ಕೊಡುತ್ತೇವೆ ಎಂದು. ಎಡಗಡೆ, 'ಕಂಪನಿ ಖರ್ಚಿನ ಚಿಕಿತ್ಸೆ ಸಾಕೆಂದು ನಾನೇ ಒಪ್ಪಿದ್ದೇನೆ' ಎಂದು. ಕೆಂಪು ಪಟ್ಟಿ ಇರಲಿಲ್ಲ. ಇವರು ಬಲಗಡೆಯದನ್ನು ವಾರ್ಡಿಗೆಲ್ಲ ಕೇಳುವಂತೆ ಓದಿ, ತಲೆಬಾಗಿ ಸಹಿ ಹಾಕಿದರು. ಪಕ್ಕದ ಹಾಸಿಗೆಯವರು ಹೇಳಿ ಗೊತ್ತಾಯಿತು. ಶುಕ್ರವಾರದಿಂದ ಚಿಕಿತ್ಸೆ ಬಂದ್.

ಆಫೀಸಿಗೆ ನುಗ್ಗಿದೆ. "ಓದೋಕೆ ಬರುತ್ತೆ, ಮಾತು ಬರುತ್ತೆ. ಇನ್ನೇನಮ್ಮ ಕಾಯಿಲೆ?" ಎಂದರು ನಿನ್ನ ಗಂಡ.

"ಬಾಯಿ ನಡೆಯೋನೇ ಆರೋಗ್ಯವಂತ ಅನ್ನೋದಾದ್ರೆ ನಿಮ್ಮಷ್ಟು ಆರೋಗ್ಯವಂತರು ಈ ಊರಲ್ಲೇ ಇಲ್ಲ ಬಿಡಿ" ಎಂದು ಬಂದೆ.

ಇಪ್ಪತ್ತಾರು ವರ್ಷ ಕ್ರೇನಿಗೆ ಸನ್ನೆ ಮಾಡಿ ಬೇರೆಯವರ ತಲೆ ಮೇಲೆ ಕಬ್ಬಿಣ ಬೀಳದಂತೆ ಕಾದ ಮನುಷ್ಯ. ಮೆದುಳು ಅರ್ಧ ಕುರುಡಾದದ್ದೂ ಕಂಪನಿಯವರಿಗೆ ಲಾಭವೇ! ಸುಮ್ಮನಿರುವವಳಲ್ಲ ನಾನು. ನಾಳೆ ಬೆಳಿಗ್ಗೆ ಹಡಗುಕಟ್ಟೆಯ ಗೇಟಿನ ಮುಂದೆ ಚಾಪೆ ಹಾಸುತ್ತೇನೆ. ಶೆಡ್ಡಿನ ಹೆಂಗಸರೆಲ್ಲ ಬರುತ್ತಾರೆ.

ನಿನ್ನ ಮಗಳಿಗೆ ಸುಖವಾಗಿ ಹೆರಿಗೆಯಾಗಲಿ. ತಾಯಿ ಮಗು ಚೆನ್ನಾಗಿರಲಿ. ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ನಿನ್ನ
ಒಕ್‌ಹ್ವಾ

ಮರೆತ ಮಾತು: ಕಂಪನಿಗೆ ಹೋದ ಆಸ್ಪತ್ರೆ ವರದಿಯಲ್ಲಿ ಇದ್ದದ್ದು "ಎಡಗೈ ಸೋತಿದೆ, ಮಾತು ಸರಿಯಿದೆ" ಎಂದಷ್ಟೇ. ಹಾಳೆಯ ಎಡ ಅರ್ಧ ಇವರಿಗೆ ಕಾಣುವುದಿಲ್ಲವೆಂದು ನಾನು ಹೇಳಿಕೊಂಡದ್ದು ನಿನ್ನೊಬ್ಬಳ ಹತ್ತಿರ, ಜನವರಿಯ ಕಾಗದದಲ್ಲಿ. ಅದನ್ನು ಗಂಡನಿಗೆ ಓದಿ ಹೇಳಿದೆಯಲ್ಲ, ಇದನ್ನೂ ಓದಿ ಹೇಳು.