ಕಡೀ ಸ್ವಾಮಾರದ ಗಿರಮಿಟ್ಟ

ಲಕ್ಷ್ಮೇಶ್ವರ
೮ ಅಕ್ಟೋಬರ್ ೨೦೨೫

ನನ್ನ ಜಗಳಗಂಟಿ ಮಗಳು ಸ್ನೇಹಾಗ, ನಿನ್ನ ಅವ್ವನ ತುಂಬು ಆಶೀರ್ವಾದ. ಹೊಟ್ಟ್ಯಾಗಿನ ಕೂಸಿಗೂ ಅದರಾಗ ಅರ್ಧಾ ಪಾಲು ಕೊಡು.

ನಾ ಆರಾಮ ಅದೀನಿ. ಮೊದಲ ಇದನ್ನ ಬರದೀನಿ, ಇಲ್ಲಂದ್ರ ನೀ ಉಸರು ಹಿಡಕೊಂಡು ಸೀದಾ ಕಡೀ ಸಾಲಿಗೆ ಹಾರ್ತಿ. ಎದಿ ಹೊಲಗಿ ಒಣಗೇತಿ. ಓಣಿ ತುದೀತನಕ ನಡದು ಬಂದ್ರೂ ಏದುಸಿರಿಲ್ಲ. ಮೊದಲ ಒಂದ ಕೊಡ ನೀರು ಇಳಿಸೂದ್ರಾಗ ಗ್ವಾಡಿ ಹಿಡೀತಿದ್ದೆ, ನೀನ ನೋಡಿದ್ದಿ. ಈಗ ನಿಮ್ಮಪ್ಪನ್ನ ಬೈಯೂವಷ್ಟು ಉಸರು ಬಂದೈತಿ, ಅವರಿಗೆ ಅದ ಒಂದ ಸಂಕಟ.

ಮೊನ್ನೆ ಫೋನಿನ್ಯಾಗ ನಿಮ್ಮ ಅತ್ತಿ ಮ್ಯಾಲ ಏನೇನ ಹೇಳಿದ್ಯಲ್ಲಾ! ಎರಡ ತಿಂಗಳಾತು ಹತ್ರ ಬರವಲ್ರು, ತಲಿಗೆ ಎಣ್ಣಿ ಹಚ್ಚವಲ್ರು, ಓಣ್ಯಾಗಿನ ಹೆಣಮಕ್ಕಳೆಲ್ಲಾ ಹೊಟ್ಟಿ ಮುಟ್ಟಿ ನೋಡಿದ್ರೂ ಅವರು ಮಾತ್ರ ಬಾಗಲದಾಗ ನಿಂತು ಹೋಗ್ತಾರ, ಈ ಕೂಸು ಅವರಿಗೆ ಬ್ಯಾಡಾಗೇತಿ ಅಂದಿ. ಹೆರಿಗಿಗೆ ತವರಿಗೆ ಬಂದ್ರ ತಿರುಗಿ ಮುಂಡರಗಿಗೆ ಹೋಗೂದ ಇಲ್ಲ ಅಂತನೂ ಅಂದಿ. ನಾ ಸುಮ್ಮನಿದ್ದೆ. ನಾ ಸುಮ್ಮನಿರೂ ಹೆಣಮಗಳಲ್ಲ ಅಂತ ನಿನಗ ಗೊತ್ತೈತಿ. ಸ್ನೇಹಾಗ ಹೇಳಬಾರದು ಅಂತ ನಿಮ್ಮ ಅತ್ತಿ ನನ್ನ ಕಡಿಂದ ಆಣಿ ಮಾಡಿಸ್ಕೊಂಡಾರ. ಹೇಳೂದಿಲ್ಲ ಅಂತ ಆಣಿ ಮಾಡೀನಿ, ಅದಕ್ಕ ಬರ್ಯಾಕತ್ತೀನಿ. ದೇವರು ವಾದಾ ಮಾಡಾಕ ಬಂದ್ರ ನಾ ನೋಡ್ಕೋತೀನಿ.

ನನ್ನ ಆಪರೇಶನ್ ಸುದ್ದಿ ನಿನಗ ಆಮ್ಯಾಲ ಗೊತ್ತಾತು. ನಿನಗ ಮೊದಲ ಎರಡ ಸಲ ಬಸಿರು ನಿಲ್ಲಲಿಲ್ಲ. ಈ ಸಲ ಹಾಸಿಗಿ ಬಿಟ್ಟು ಏಳಬಾರದು ಅಂತ ನಿಮ್ಮ ಡಾಕ್ಟರಮ್ಮ ಹೇಳಿದ್ದಳು. ಅಂಥಾದ್ರಾಗ ಅವ್ವನ ಎದಿ ಕೊಯ್ತಾರ ಅಂತ ಯಾರು ಹೇಳಬೇಕು? ಹಾರ್ಟಿನ ಕವಾಟ ಬದಲಿ ಮಾಡ್ಯಾರ, ಆರಾಮ ಅದಾಳ ಅಂತ ಅಷ್ಟ ಹೇಳಿದ್ವಿ. ರಕ್ತದ ಸುದ್ದಿ ಹೇಳಲಿಲ್ಲ.

ಗದಗಿನ ದವಾಖಾನ್ಯಾಗ ಶನಿವಾರ ಆಪರೇಶನ್ ಆತು. ರವಿವಾರ ಶಿರಹಟ್ಟಿಯಿಂದ ನಿಮ್ಮ ಸಕ್ರಪ್ಪ ಮಾಮಾ ಬಂದು, ನಮ್ಮ ಅಕ್ಕಗ ರಕ್ತದ ಬಾಟ್ಲಿ ಯಾಕ ಹಚ್ಚಿಲ್ಲ, ಮಾರಿ ಸುಣ್ಣದಂಗ ಆಗೇತಿ ಅಂತ ಡಾಕ್ಟರ ಕೂಡ ಜಗಳ ತಗದ್ನಂತ. ರಕ್ತ ಅಂದ್ರ ಟಾನಿಕ್ ಅಲ್ರಿ, ಬೇಕಾದಾಗ ಬೇಕಾದಷ್ಟ ಕೊಡೂದು, ಬ್ಯಾಡದಾಗ ಕೊಟ್ರ ಅದೂ ತ್ರಾಸ ಅಂತ ಡಾಕ್ಟರು ಸಮಾಧಾನ ಮಾಡಿ ಕಳಿಸ್ಯಾರ. ಮರುದಿನ ಮುಂಜಾನಿ ಎದಿಗೆ ಹಾಕಿದ ನಳಿಗ್ಯಾಗ ರಕ್ತ ಹರ್ಯಾಕ ಹತ್ತಿತು. ಅದ ಡಾಕ್ಟರು ಓಡಿ ಬಂದ್ರು. ರಕ್ತ ನಿಲ್ಲೂ ಔಷಧ ಕೊಟ್ರು, ದವಾಖಾನ್ಯಾಗ ಇದ್ದ ರಕ್ತ ಏರಿಸಿದ್ರು, ಸಾಲಲಿಲ್ಲ. ನಂದು ಓ ನೆಗೆಟಿವ್, ಎಲ್ಲಿ ಕೇಳಿದ್ರೂ ಸಿಗವಲ್ದು. ಸಂಜಿ ಒಳಗ ಏರಿಸಬೇಕು, ತಗದ ರಕ್ತ ತಪಾಸ ಮಾಡಾಕೂ ಹೊತ್ತು ಹಿಡೀತೈತಿ, ಈಗಿಂದೀಗ ಯಾರರ ಕೊಡ್ಲಿಲ್ಲಂದ್ರ ಜೀವ ಉಳಿಯೂದು ಕಷ್ಟ ಅಂದ್ರಂತ.

ಸಕ್ರಪ್ಪ ಮಾಮಾ ಬಳಗಕ್ಕೆಲ್ಲಾ ಫೋನ್ ಮಾಡಿದ. ಅಂವ ಸಕ್ಕರಿ ಬ್ಯಾನಿ ಮನಶಾ, ರಕ್ತ ತಪಾಸಣಿಗೆ ಖಾಲಿ ಹೊಟ್ಟೀಲೆ ಹೋಗಿ ಹೋಗಿ ರೂಢಿ. ಕೊಡೂದಂದ್ರೂ ಹಂಗ ಇರಬೇಕು ಅಂತ ತಿಳದು, ಜಳಕಾ ಮಾಡಿ, ಒಂದ ಗುಟುಕು ಚಾ ಸೈತ ಕುಡಿಲಾರದ ಬರ್ರಿ ಅಂತ ಹುಕುಂ ಮಾಡ್ಯಾನ. ಹೇಳಿ ಕೇಳಿ ಶ್ರಾವಣ ಸ್ವಾಮಾರ, ಯಾರು ಇಲ್ಲ ಅಂತಾರ? ಒಂದ ಟೆಂಪೋ ತುಂಬ ಮಂದಿ, ಎಲ್ಲಾರೂ ಹಣಿ ತುಂಬ ವಿಭೂತಿ ಬಡಕೊಂಡು ಬಂದಾರ. ಅಷ್ಟ ಮಂದ್ಯಾಗ ರಕ್ತದ ಗುಂಪು ಹೊಂದಿದ್ದು ನಿನ್ನ ಮಾಮಾನ ಮಗ ಮೌನೇಶಂದು ಒಂದ. ಉಂಡೀಯೇನಪಾ ಅಂದ್ರ ಉಂಡೀನ್ರಿ ಅಂದಾನ ಖೋಡಿ. ಬೆರಳಿಗೆ ಸೂಜಿ ಚುಚ್ಚಿದ್ರೊಳಗ ದೊಪ್ಪಂತ ಬಿದ್ದಾನ. ನರ್ಸ್ ಬಾಯಿ ಸಿಟ್ಟಿಗೆದ್ದು, ಉಪಾಸ ಇದ್ದವರ ರಕ್ತ ತಗೊಳ್ಳಂಗಿಲ್ಲ, ಇವನಂತೂ ಇವತ್ತ ಬ್ಯಾಡ ಅಂತ ಅಂದುಬಿಟ್ಲು. ಈಗ ನೆನಸಿದ್ರ ಹೊಟ್ಟಿ ಹಿಡಕೊಂಡು ನಗಬೇಕು. ಆವಾಗ ಯಾರಿಗೂ ನಗಿ ಬಂದಿಲ್ಲ.

ಹಿಂಗಿದ್ದಾಗ ನಿಮ್ಮ ಅತ್ತಿ ನೀಲಗಂಗವ್ವಾರು ಬಂದಾರ. ನಿನಗ ಗದಗಿಗೆ ತ್ರಿಕೂಟೇಶ್ವರನ ಗುಡಿಗೆ ಹೊಂಟೀನಿ ಅಂತ ಹೇಳಿದ್ದು ಖರೆ. ನೀ ಬಸರಾದ ಸುದ್ದಿ ಕೇಳಿದ ಕೂಡ್ಲೆ, ಈ ಸಲ ನಿಲ್ಲಲಿ ಅಂತ ಹದಿನಾರು ಸ್ವಾಮಾರ ಹಿಡದಿದ್ರು. ಸಂಜೀಕ ಪೂಜಿ ಆಗೂತನಕ ಹನಿ ನೀರೂ ಇಲ್ಲ. ಅವತ್ತ ಕಡೀ ವಾರ. ಒಂದ ಕೆಟ್ರ ಎಲ್ಲಾ ಕೆಟ್ಟಂಗ, ಕಡೀ ವಾರ ಕೆಟ್ರ ಕೂಸಿಗೆ ಕೇಡು ಅಂತ ಅವರ ನಂಬಿಗಿ. ಗುಡಿಗೆ ಹೋಗೂಕಿಂತ ಮೊದಲ ನನ್ನ ನೋಡಿ ಹೋಗೂಣು ಅಂತ ಬಂದವರು, ಕೈಯಾಗ ಹೂವು, ಪತ್ರಿ, ಕಾಯಿ. ಖಬರ ಕೇಳಿ ತಂದೂ ನೆಗೆಟಿವ್ ಅಂದ್ರು. ನಿನ್ನ ಗಂಡನ್ನ ಹಡದಾಗ ಡಾಕ್ಟರು ಅದಕ್ಕಂತ ಬ್ಯಾರೆ ಇಂಜೆಕ್ಷನ್ ಮಾಡಿದ್ದು ಅವರಿಗೆ ನೆನಪಿತ್ತು. ತಪಾಸ ಮಾಡಿದ್ರು, ಹೊಂದಿತು. ಆಮ್ಯಾಲ ನರ್ಸ್ ಬಾಯಿ ಕೇಳಿದ್ಲು, ಊಟ ಆಗೇತೋ ಇಲ್ಲೋ ಅಂತ.

ನಿನ್ನ ಗಂಡ ಸಿದ್ದಾರೂಢ ಬಾಜೂಕ ನಿಂತಿದ್ದ. ಅವ್ವಾ, ಇವತ್ತ ಕಡೀ ವಾರ ಅಂತ ಮೆಲ್ಲಕ ಅಂದ್ನಂತ. ಅವರು ಅವನ ಮಾರಿ ಸೈತ ನೋಡಲಿಲ್ಲ. ಹೂವಿನ ಬುಟ್ಟಿ ಅವನ ಕೈಯಾಗ ಕೊಟ್ಟು, ಸೀದಾ ದವಾಖಾನಿ ಎದುರಿನ ಗಾಡಿಗೆ ಹೋಗಿ ಒಂದ ಪ್ಲೇಟ್ ಚುರಮರಿ ಗಿರಮಿಟ್ಟ, ಮ್ಯಾಲ ಎರಡ ಮಿರ್ಚಿ ಭಜಿ ತಿಂದ್ರಂತ. ಉಳ್ಳಾಗಡ್ಡಿ ಹಾಕಿದ್ದು! ಶ್ರಾವಣದಾಗ ಉಳ್ಳಾಗಡ್ಡಿ ಹೆಸರ ತಗದ್ರ ಬೆಂಕಿ ಆಗೂ ಹೆಣಮಗಳು. ತಿನ್ನೂ ಮುಂದ ಕಣ್ಣಾಗ ಒಂದ ಸವನ ನೀರು. ಗಾಡಿಯಂವ ಖಾರ ಭಾಳ ಆತೇನ್ರಿ ಯವ್ವಾ ಅಂತ ಚೂರು ಬೆಲ್ಲ ಕೊಟ್ನಂತ.

ಆ ರಕ್ತಾನ ಸಂಜೀಕ ನನಗ ಏರಿಸಿದ್ರು. ನಳಿಗ್ಯಾಗ ಹರಿಯೂದು ಕಡಿಮಿ ಆಗ್ಕೊಂತ ಬಂದು ನಿಂತಿತು. ಮರುದಿನ ಕಣ್ಣ ತಗದು ಚಾ ಕೇಳಿದ್ನಂತ. ನಿಮ್ಮಪ್ಪ ಅದನ್ನ ಇನ್ನೂ ಸಂತಿ ತುಂಬ ಹೇಳ್ಕೊಂತ ತಿರಗ್ತಾರ.

ಈಗ ತಿಳೀತಿಲ್ಲೋ, ಅತ್ತಿ ಬಾಗಲದಾಗ ಯಾಕ ನಿಲ್ತಾರ ಅಂತ? ವ್ರತ ಕೆಡಿಸಿದ ಕೈಲೆ ಬಸುರಿ ಮೈ ಮುಟ್ಟಬಾರದು ಅಂತ ಅಂಜಿಕಿ ಅವರಿಗೆ. ಮರು ವಾರದಿಂದ ಮತ್ತ ಮೊದಲಿಂದ ಹದಿನಾರು ಸ್ವಾಮಾರ ಹಿಡದಾರ. ಮಾರಿ ಉಬ್ಬಿಸ್ಕೊಂಡು ದೇವರ ಕೋಣ್ಯಾಗ ಕುಂಡ್ರತಾರ ಅಂದ್ಯಲ್ಲಾ, ಹುಚ್ಚಿ, ಅಲ್ಲಿ ಕುಂತು ನಿನ್ನ ಕೂಸಿನ ಸಲುವಾಗಿ ತಪ್ಪಾತು ಅಂತ ಬೇಡ್ಕೋತಾರ. ಒಂದ ಕಡೆ ಬೀಗತಿ ಜೀವ, ಒಂದ ಕಡೆ ಮಮ್ಮಗನ ಜೀವ ಇಟ್ಟು ಆರಿಸು ಅಂದಂಗ ಆಗಿತ್ತು ಅವರಿಗೆ. ನಾ ಆ ಜಾಗಾದಾಗ ಇದ್ದಿದ್ರ ಗಿರಮಿಟ್ಟ ತಿಂತಿದ್ನೋ ಇಲ್ಲೋ, ಎದಿ ಮುಟ್ಕೊಂಡು ಹೇಳಾಕ ಬರೂದಿಲ್ಲ ನನಗ.

ಏಳ ತಿಂಗಳು ತುಂಬ್ಯಾವು, ತಪಾಸಣ್ಯಾಗ ಎಲ್ಲಾ ಛಲೋ ಐತಿ, ಈಗ ಎದ್ದು ಅಡ್ಡಾಡಬಹುದು ಅಂದಾರ ಅಂತ ನೀನ ಹೇಳಿದಿ. ಹೊಟ್ಟಿ ತಣ್ಣಗಾತು ನೋಡು. ಹೆರಿಗಿಗೆ ಬಾ, ನಿನ್ನ ಬಾಣಂತನ ಮಾಡಾಕ ನಾ ಉಳದೀನಿ. ಮುಗಿದ ಮ್ಯಾಲ ತಿರುಗಿ ಹೋಗಬೇಕು. ಹೋಗಂಗಿಲ್ಲ ಅಂದ್ರ ನಾನ ಗಂಟು ಕಟ್ಟಿ ಬಸ್ ಹತ್ತಿಸ್ತೀನಿ.

ಗಟ್ಟಿಯಾಗಿ ಉಸರಾಡೂ ನಿನ್ನ ಅವ್ವ,
ಶಾರದವ್ವ

ತಾ.ಕ.: ನಿಮ್ಮ ಅತ್ತಿ ಮುಳಗುಂದಕ್ಕ ತವರಿಗೆ ಹೊಂಟೀನಿ ಅಂತ ನಿನಗ ಹೇಳಿ ಬಂದಿದ್ದು ಸುಳ್ಳು. ನಿನ್ನೆಯಿಂದ ನಮ್ಮ ಮನ್ಯಾಗ ಅದಾರ, ನನಗ ರೊಟ್ಟಿ ಬಡದು ಹಾಕಾಕತ್ತಾರ. ಖರೆ ಹೇಳಿದ್ರ ನೀನೂ ಬೆನ್ನ ಹತ್ತೀದಿ ಅಂತ ಹಂಗ ಹೇಳ್ಯಾರ. ಈ ಪತ್ರ ಅವರ ಕೈಯಾಗ ಕೊಟ್ಟು ಕಳಿಸೀನಿ. ನೀ ಓದೂ ಮುಂದ ಅವರು ಬಾಗಲದಾಗ ನಿಂತಿರ್ತಾರ. ನೀ ಏನೂ ಹೇಳಬ್ಯಾಡ, ನಾ ಆಣಿ ಮಾಡೀನಿ. ಎದ್ದು ಹೋಗಿ ಅವರ ಕೈ ಹಿಡಕೊಂಡು ನಿನ್ನ ಹೊಟ್ಟಿ ಮ್ಯಾಲ ಇಡು. ಕೂಸು ಈಗ ಜೋರ ಒದೀತೈತಂತಲ್ಲಾ, ಆಯಿಗೂ ಒಂದ ಸಲ ಒದೀಲಿ.