ಖಾಲಿ ಡಬ್ಬಿಯ ಮೇಲಿನ ಗುಂಡಿ

ಹಾಸ್ಟೆಲ್, ರೂಮ್ ನಂಬರ್ ಹದಿನಾಲ್ಕು
ತಾರೀಖು 11, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿ ಹೇಗಿದೆ? ಅತ್ತೆ ಮನೆಯ ಮೆಟ್ಟಿಲನ್ನು ಒಬ್ಬರೇ ಹತ್ತುತ್ತಿದ್ದೀರೋ, ಇನ್ನೂ ಅಮ್ಮನ ಹೆಗಲು ಬೇಕೋ? ಆಪರೇಷನ್ ಆಗಿ ಆರು ವಾರವಾದರೂ ಡಾಕ್ಟರು ಹೇಳಿದ ವ್ಯಾಯಾಮವನ್ನು ನೀವು ಅಂದಾಜಿನಲ್ಲಿ ಮಾಡಿ ಮುಗಿಸುತ್ತೀರಂತೆ, "ಎಂಟಾದರೇನು ಹತ್ತಾದರೇನು" ಅನ್ನುತ್ತೀರಂತೆ. ಅಮ್ಮನ ದೂರು. ಗುಂಡಿ ಅಂಗಡಿಯವರು ಹೀಗಂದರೆ ಹೇಗಪ್ಪಾ? ಹತ್ತು ಗುಂಡಿಯ ಕೋಟಿಗೆ ಎಂಟು ಕೊಟ್ಟು ಕಳಿಸ್ತೀರಾ? ಎಣಿಸಿ ಮಾಡಿ. ನಾನು ಚೆನ್ನಾಗಿದ್ದೇನೆ. ಅಂದರೆ ಊಟ, ನಿದ್ದೆ ಸರಿಯಾಗಿದೆ. ಉಳಿದದ್ದು ಮುಂದೆ ಬರೆದಿದ್ದೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅತ್ತೆ ಸ್ಪೀಕರ್ ಹಾಕಿ ಫೋನನ್ನು ಊಟದ ಮೇಜಿನ ಮಧ್ಯೆ ಇಡುತ್ತಾರೆ, ಆಮೇಲೆ ನನ್ನ ಕಷ್ಟಸುಖಕ್ಕೆ ಮನೆಮಂದಿಯೆಲ್ಲ ಸರದಿಯಲ್ಲಿ ಉತ್ತರ ಕೊಡುತ್ತಾರೆ. ಅದಕ್ಕೇ ಕಾಗದ. ನನ್ನದು ಹಾಸ್ಟೆಲ್ ಕನ್ನಡ, ಒತ್ತಕ್ಷರ ಅಲ್ಲಲ್ಲಿ ಎಡವಿದ್ದರೆ ನಗಬೇಡಿ. ಮೊದಲು ನೀವೊಬ್ಬರೇ ಓದಿ, ಆಮೇಲೆ ಅಮ್ಮನಿಗೆ ಕೊಡಿ. ಅತ್ತೆಗೆ ಬೇಡ.

ಮೊದಲು ಒಳ್ಳೆ ಸುದ್ದಿ. ಮ್ಯಾನೇಜ್‌ಮೆಂಟ್ ಮೇಡಂ ಕೊಟ್ಟಿದ್ದ ಪ್ರಾಜೆಕ್ಟಿಗೆ ನನಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಬಂದಿದೆ, ಕ್ಲಾಸಿಗೇ ಜಾಸ್ತಿ. ಗೊತ್ತಿರುವ ಒಂದು ಸಣ್ಣ ವ್ಯಾಪಾರ ಹೇಗೆ ನಡೆಯುತ್ತೆ ಅಂತ ನೋಡಿ ಬರೆದು, ಒಂದು ಸುಧಾರಣೆ ಸೂಚಿಸಬೇಕಿತ್ತು. ನಾನು ನಮ್ಮ ಅಂಗಡಿಯನ್ನೇ ಬರೆದೆ. ಈ ಶುಕ್ರವಾರ ಫಸ್ಟ್ ಇಯರಿನ ಎಲ್ಲ ಸೆಕ್ಷನ್ನುಗಳ ಮುಂದೆ ನಿಂತು ಅದರ ಬಗ್ಗೆ ಮಾತಾಡಬೇಕು. ಅದನ್ನು ಕೇಳೋಕೆ ಟಿಚ್ಚು ಬರ್ತಾಳಂತೆ, ಅಂಗಡಿಯನ್ನ ಅರ್ಧ ದಿನ ಮುಚ್ಚಿ, ಬೆಳಗಿನ ಬಸ್ಸಿಗೆ. "ನಾನು ಕಾಲೇಜಿನ ಒಳಗೇ ನೋಡಿಲ್ಲ ಕಣೇ ಅಕ್ಕಾ" ಅಂದಳು. ಅವಳು ಬರೋದು ನನಗೆ ಬೇಡ ಅಪ್ಪ. ಯಾಕೆ ಅಂತ ಹೇಳೋಕೇ ಇಷ್ಟುದ್ದ ಬರೆಯೋಕೆ ಕೂತಿದ್ದೇನೆ.

ನಿಜ ಹೇಳಲಾ? ನನಗೆ ನನ್ನ ತಂಗಿ ಕಂಡರೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ. ನನಗೆ ಒಂಬತ್ತು, ಅವಳಿಗೆ ಏಳೂವರೆ ಇದ್ದಾಗ, ಇಬ್ಬರನ್ನೂ ಹಾಸ್ಟೆಲ್ ಶಾಲೆಗೆ ಹಾಕೋಕೆ ಆಗಲ್ಲ, ಒಬ್ಬಳನ್ನ ಕಳಿಸೋಣ, ದೊಡ್ಡವಳು ಚುರುಕು ಅಂತ ನೀವೂ ಅಮ್ಮನೂ ತೀರ್ಮಾನ ಮಾಡಿದಿರಿ. ಬೀದಿಯವರೆಲ್ಲ ಅದೃಷ್ಟವಂತೆ ಅಂದರು. ನಾನೂ ಹಾಗೇ ಅಂದುಕೊಂಡು ಟ್ರಂಕಿನ ಮೇಲೆ ಜಂಬದಿಂದ ಕೂತಿದ್ದೆ. ಆದರೆ ರಜೆಗೆ ಬಂದಾಗಲೆಲ್ಲ ನಿಮ್ಮ ಕುರ್ಚಿಯ ಪಕ್ಕದ ಮೂರು ಕಾಲಿನ ಸ್ಟೂಲಿನ ಮೇಲೆ ಅವಳಿರುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಎದ್ದು "ಕೂತ್ಕೋ ಅಕ್ಕಾ" ಅನ್ನೋಳು. ಕೂತ್ಕೋ ಅಂತ ಹೇಳಿಸಿಕೊಳ್ಳೋಳು ನೆಂಟರವಳು ತಾನೆ? ಹೆಸರು ಕೂಡ ನೋಡಿ. ಪುಟ್ಟ ಕೈಯಲ್ಲಿ ದಿನವಿಡೀ ಟಿಚ್ ಬಟನ್ ಒತ್ತಿ ಒತ್ತಿ ತಲೆ ತಿನ್ನುತ್ತಿದ್ದಳು ಅಂತ ಅವಳಿಗೆ ಟಿಚ್ಚು ಅಂತ ಹೆಸರಿಟ್ಟಿರಿ. ನನಗೆ ಒಂದು ಅಡ್ಡಹೆಸರೂ ಇಲ್ಲ. ಹಾಜರಿ ಪುಸ್ತಕದಲ್ಲಿ ಏನಿದೆಯೋ ಮನೆಯಲ್ಲೂ ಅದೇ.

ಇಲ್ಲಿ ಎಕನಾಮಿಕ್ಸಿನ ಎರಡನೇ ವಾರದಲ್ಲೇ ಆಪರ್ಚುನಿಟಿ ಕಾಸ್ಟ್ ಅಂತ ಒಂದು ಪಾಠ ಬಂತು. ಒಂದನ್ನು ಆರಿಸಿಕೊಂಡಾಗ, ಅದಕ್ಕಾಗಿ ಕೈಬಿಟ್ಟದ್ದರಲ್ಲಿ ಅತಿ ಒಳ್ಳೆಯದು ಯಾವುದೋ, ಅದೇ ಆರಿಸಿಕೊಂಡದ್ದರ ನಿಜವಾದ ಬೆಲೆಯಂತೆ. ಸರ್ ಸಿನಿಮಾ ಟಿಕೆಟ್ಟಿನ ಉದಾಹರಣೆ ಕೊಟ್ಟರು, ಎಲ್ಲರೂ ಬರೆದುಕೊಂಡರು. ನಾನು ಪುಟದ ಅಂಚಿನಲ್ಲಿ ಮೂರು ಕಾಲಿನ ಸ್ಟೂಲಿನ ಚಿತ್ರ ಬರೆದೆ. ಪಕ್ಕದಲ್ಲಿ ಕೂತವಳು "ಇದೇನೇ, ಎಕ್ಸಾಮಿಗೆ ಬರುತ್ತಾ?" ಅಂದಳು.

ಕಳೆದ ತಿಂಗಳು ಹತ್ತು ದಿನದ ರಜೆಗೆ ಊರಿಗೆ ಹೋದಾಗ ಈ ಕಿಚ್ಚನ್ನೂ ಜೊತೆಗೇ ಕಟ್ಟಿಕೊಂಡು ಹೋಗಿದ್ದೆ ಅನ್ನಿಸುತ್ತೆ. ಟಿಚ್ಚು ಶಾಲೆಯ ಕೊನೇ ಪರೀಕ್ಷೆ ಮುಗಿಸಿ, ಮೇಲಿನ ಮನೆ ಅಜ್ಜಿಯನ್ನು ಜೊತೆಗಿಟ್ಟುಕೊಂಡು, ಅಂಗಡಿಯನ್ನ ಏನೂ ಆಗದವಳ ಹಾಗೆ ನಡೆಸುತ್ತಿದ್ದಳು. ಯಾರೋ ಬಂದು "ಒಂದು ನೀಲಿ ಗುಂಡಿ" ಅಂದರೆ ಇವಳು ಬಟ್ಟೆಯನ್ನೂ ನೋಡದೆ "ಶರ್ಟಿಗಾ, ದಿಂಬಿನ ಕವರಿಗಾ?" ಅಂತ ಕೇಳಿ, ಬೆನ್ನ ಹಿಂದಿನ ಡಬ್ಬಿಗೆ ಕೈ ಹಾಕೋಳು. ನನ್ನ ಎಕನಾಮಿಕ್ಸ್ ಪುಸ್ತಕವನ್ನೂ ಬಿಡಲಿಲ್ಲ. ಎರಡೇ ದಿನದಲ್ಲಿ ಡಿಮಾಂಡಿನ ಅಧ್ಯಾಯ ಮುಗಿಸಿ, "ಬೆಲೆ ಏರಿದರೆ ಕೊಳ್ಳೋದು ಕಮ್ಮಿ ಅಂತ ಬರೆದಿದ್ದಾರೆ. ಮದುವೆ ಕೋಟಿಗೆ ಒಂದೇ ಗುಂಡಿ ಕಮ್ಮಿ ಬಿದ್ದೋನು ರೇಟು ಕೇಳ್ತಾನಾ ಅಕ್ಕಾ?" ಅಂದಳು. ಅದು ಮುಂದಿನ ಅಧ್ಯಾಯದಲ್ಲಿ ಬರುವ ವಿಷಯ! ನನಗೆ ಅರ್ಥವಾಗೋಕೆ ಎರಡು ವಾರ ಬೇಕಾಗಿತ್ತು. ಒಂದು ಮಧ್ಯಾಹ್ನ ನೋಡಿದರೆ ನನ್ನ ಕಾಲೇಜಿನ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದಾಳೆ. "ಆಟದ ಸಾಮಾನಲ್ಲ ಅದು" ಅಂತ ಕಿತ್ತುಕೊಂಡೆ. ಅವಳು ಹೋಗಿ ದಾರದ ಉಂಡೆ ಸುತ್ತೋಕೆ ಕೂತಳು.

ಮಾರನೇ ದಿನ ಅವಳು ಪಾರ್ಸಲ್ ಬಿಡಿಸಿಕೊಂಡು ಬರೋಕೆ ಹೋದಳು. ಅಂಗಡಿಯಲ್ಲಿ ನಾನೊಬ್ಬಳೇ. ನಾನೂ ಏನಾದರೂ ಮಾಡಿ ತೋರಿಸಬೇಕು ಅನ್ನಿಸಿತು. ಪುಸ್ತಕದಲ್ಲಿ ಡೆಡ್ ಸ್ಟಾಕ್ ಅಂತ ಇದೆ, ಜಾಗ ತಿನ್ನುತ್ತಾ ಸುಮ್ಮನೆ ಕೂತಿರುವ ಸರಕು. ನೀವು ಪ್ರತಿ ರಟ್ಟಿನ ಡಬ್ಬಿಯ ಮುಖಕ್ಕೆ ಒಳಗಿನ ಗುಂಡಿಯದೇ ಒಂದನ್ನು ಹೊಲಿದಿರುತ್ತೀರಲ್ಲ, ಅದನ್ನು ಚಿಕ್ಕಂದಿನಿಂದ ನೋಡಿದ್ದೆ, ಯಾಕೆ ಅಂತ ಕೇಳಿರಲಿಲ್ಲ. ಮೂವತ್ತೊಂದು ಡಬ್ಬಿ ಪೂರಾ ಖಾಲಿ, ಮುಖದ ಮೇಲೆ ಮಾತ್ರ ಒಂದೊಂದು ಗುಂಡಿ. ಇದಕ್ಕಿಂತ ಡೆಡ್ ಸ್ಟಾಕ್ ಬೇಕಾ? ಕತ್ತರಿ ತಗೊಂಡು ಮೂವತ್ತೊಂದನ್ನೂ ಕತ್ತರಿಸಿ, ಗಾಜಿನ ಬಟ್ಟಲಲ್ಲಿ ಹಾಕಿ, "ಯಾವುದು ಬೇಕಾದರೂ ಆರಿಸಿಕೊಳ್ಳಿ" ಅಂತ ಚೀಟಿ ಅಂಟಿಸಿದೆ. ಖಾಲಿ ಡಬ್ಬಿಗಳನ್ನ ಮಡಿಚಿ ಮೂಲೆಗೆ ಹಾಕಿದೆ. ಶಾಲೆ ಬಿಟ್ಟ ಮಕ್ಕಳು ಮುತ್ತಿಕೊಂಡರು. ಟಿಚ್ಚು ಬರುವಷ್ಟರಲ್ಲಿ ಇಪ್ಪತ್ಮೂರು ಗುಂಡಿ ಖರ್ಚಾಗಿತ್ತು. ನಾನು ಸ್ಟೂಲಿನ ಮೇಲೆ ರಾಣಿಯ ಹಾಗೆ ಕೂತಿದ್ದೆ.

ಅವಳು ಬಟ್ಟಲು ನೋಡಿದಳು, ಮೂಲೆ ನೋಡಿದಳು, ಮೆತ್ತಗೆ ಪಾರ್ಸಲ್ ಕೆಳಗಿಟ್ಟಳು. ಕೂಗಾಡಿದ್ದರೆ ಚೆನ್ನಾಗಿತ್ತು. "ಖಾಲಿ ಡಬ್ಬಿ ಖಾಲಿ ಅಲ್ಲಕ್ಕಾ. ಮುಂದೆ ಬರೋ ಗುಂಡಿಗಳ ವಿಳಾಸ ಅದರ ಮೇಲಿರುತ್ತೆ" ಅಂದಳು. ಆಗ ಗೊತ್ತಾಯಿತು. ಗುಂಡಿ ಮಾಡುವ ಕಾರ್ಖಾನೆಯವರಿಗೆ ನಮ್ಮ ಡಬ್ಬಿಯ ನಂಬರು ಗೊತ್ತಿಲ್ಲ, ಮುಖದ ಮೇಲಿನ ಗುಂಡಿಯನ್ನೇ ಅವರಿಗೆ ಕಳಿಸಬೇಕು, ಅವರು ಅದರ ಅಚ್ಚು ಹುಡುಕಿ ಅಂಥದ್ದೇ ಮಾಡಿ, ಹಳೆಯದನ್ನೂ ಹೊಸದರ ಜೊತೆಗೆ ವಾಪಸ್ ಕಳಿಸುತ್ತಾರೆ. ಅದು ಹೋದರೆ ಆ ಗುಂಡಿಯ ದಾರಿಯೇ ಹೋದ ಹಾಗೆ. ಕೋಟಿನ ಟೇಲರ್ ಮಾಮ ಮಾರನೇ ಬೆಳಿಗ್ಗೆಯೇ ಬಂದು ನಾಲ್ಕು ತೂತಿನ ಕಂದು ಗುಂಡಿ ಆರ್ಡರ್ ಹಾಕು ಅಂದರು, ಬಟ್ಟಲಿಂದ ಹೋದದ್ದರಲ್ಲಿ ಅದೂ ಒಂದು.

ಆಮೇಲೆ ಟಿಚ್ಚು ಮಾಡಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ. ಸೂಜಿ, ದಾರ, ಕತ್ತರಿ ಚೀಲಕ್ಕೆ ಹಾಕಿಕೊಂಡು ಬೀದಿಗಿಳಿದಳು. ಯಾವ ಡಬ್ಬಿಯ ಗುಂಡಿ ಯಾರ ಮೈಮೇಲಿದೆ ಅಂತ ಅವಳಿಗೆ ಬಾಯಿಪಾಠ! ಎಂಬತ್ತೇಳನೇ ಡಬ್ಬಿಯದು ಕ್ಷೌರದಂಗಡಿಯವರ ಅಂಗಿ ತೋಳಿನಲ್ಲಿ, ನೂರಾನಲವತ್ತನೆಯದು ಹೆಡ್‌ಮಿಸ್ಟ್ರೆಸ್ ಸ್ವೆಟರಿನಲ್ಲಿ, ಆ ಕಂದು ಗುಂಡಿ ಟೇಲರ್ ಮಾಮನ ಸ್ವಂತ ಹಳೇ ಕೋಟಿನಲ್ಲಿ. ಒಬ್ಬೊಬ್ಬರ ಹತ್ತಿರವೂ ಹೋಗಿ "ಒಂದು ಬಿಚ್ಚಿಕೊಳ್ಳಲಾ? ಅದಕ್ಕೆ ಹೊಂದೋದೊಂದು ನಾನೇ ಹೊಲಿದು ಕೊಡ್ತೀನಿ" ಅಂದಳು. ಕ್ಷೌರದಂಗಡಿಯವರು "ಅಂಗಿ ಹಾಕ್ಕೊಂಡಿದ್ದೀನಲ್ಲಮ್ಮ, ನಾನು ಒಳಗಿರುವಾಗಲೇನಾ?" ಅಂದರು. "ಅಲ್ಲಾಡಬೇಡಿ, ನೀವು ನಮಗೆ ಹೇಳಲ್ವಾ ಹಂಗೆ" ಅಂದಳು. ಎಲ್ಲರೂ ನಕ್ಕು ತೋಳು ಚಾಚಿದರು. ನಾನು ಹಿಂದೆ ಚೀಲ ಹಿಡಿದುಕೊಂಡು ನಡೆದೆ. ಸಂಜೆಯೊಳಗೆ ಇಪ್ಪತ್ಮೂರರಲ್ಲಿ ಹತ್ತೊಂಬತ್ತು ವಾಪಸ್ ಬಂದವು. ನಾಲ್ಕು ಹೋದವು ಅಪ್ಪ, ಅವು ನನ್ನ ಲೆಕ್ಕಕ್ಕೆ. "ಅಪ್ಪನಿಗೆ ಈಗ ಹೇಳೋದು ಬೇಡ, ಮಂಡಿ ನೋವಲ್ಲಿದ್ದಾರೆ" ಅಂತ ಅವಳೇ ಅಂದಳು. ನನ್ನ ತಪ್ಪಿನಿಂದಲೂ ಅವಳೇ ಮಿಂಚಿದಳಲ್ಲ ಅಂತ ನನಗೆ ಅವತ್ತು ಊಟ ಸೇರಲಿಲ್ಲ. ಆ ಬೀದಿಯಲ್ಲಿ ಒಬ್ಬರ ಒಂದು ಗುಂಡಿಯೂ ನನಗೆ ಗೊತ್ತಿಲ್ಲ.

ಈಗ ಕೆಟ್ಟ ಸುದ್ದಿ. ನನ್ನ ರಿಪೋರ್ಟಿನಲ್ಲಿ ಕತ್ತರಿಯ ಮಾತೇ ಇಲ್ಲ, ಟಿಚ್ಚುವಿನ ಮಾತೂ ಇಲ್ಲ. ಖಾಲಿ ಡಬ್ಬಿ ಖಾಲಿ ಅಲ್ಲ, ಮುಂದೆ ಬರುವ ಸರಕಿನ ವಿಳಾಸ ಅದರ ಮೇಲಿರುತ್ತದೆ ಅಂತ ಇಂಗ್ಲಿಷಿನಲ್ಲಿ ನೀಟಾಗಿ ಬರೆದೆ. ಯಾವ ಗುಂಡಿ ಬೀದಿಯಲ್ಲಿ ಯಾರ ಹತ್ತಿರ ಇದೆ ಅಂತ ಒಂದು ಪಟ್ಟಿ ಇಡಬೇಕು ಅನ್ನೋದೇ ನನ್ನ ಸುಧಾರಣೆ. ಅವಳ ತಲೆಯೊಳಗಿದ್ದದ್ದಕ್ಕೆ ನಾಲ್ಕು ಗೆರೆ ಎಳೆದೆ, ಅಷ್ಟೇ. ಮೇಡಂ ಆ ವಾಕ್ಯವನ್ನು ಕ್ಲಾಸಿನಲ್ಲಿ ಎರಡು ಸಲ ಓದಿ, "ಇದು ನಿನ್ನದೇ ಯೋಚನೇನಾ?" ಅಂತ ಕೇಳಿದರು. ನಾನು ತಲೆಯಾಡಿಸಿದೆ. ಒಂದೇ ಸಲ ಆಡಿಸಿದ್ದು ಅಪ್ಪ, ಆದರೆ ಕುತ್ತಿಗೆ ಇನ್ನೂ ನೋಯುತ್ತಿದೆ. ಆ ಒಂದು ಕ್ಷಣ ಸ್ಟೂಲಿನ ಮೇಲೆ ನಾನೇ ಕೂತಿದ್ದೆ ಅನ್ನಿಸಿತ್ತು. ಶುಕ್ರವಾರ ಅವಳು ಎದುರಿಗೆ ಕೂತು, ತನ್ನದೇ ಮಾತನ್ನ ನನ್ನ ಬಾಯಿಂದ ಕೇಳಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಾಳೆ. ಅವಳು ಹಾಗೇ. ಅದೇ ನನ್ನ ಭಯ.

ಏನು ಮಾಡಲಿ ಅಂತ ಗೊತ್ತಾಗುತ್ತಿಲ್ಲ. ನಿಮ್ಮ ಉತ್ತರ ಬರುವಷ್ಟರಲ್ಲಿ ಶುಕ್ರವಾರ ಕಳೆದಿರುತ್ತೆ. ಆದರೂ ಬರೆದ ಮೇಲೆ ಎದೆ ಸ್ವಲ್ಪ ಹಗುರವಾಗಿದೆ. ಅಮ್ಮನ ಕೆನ್ನೆಗೊಂದು ಮುತ್ತು, ಅತ್ತೆಗೆ ನಮಸ್ಕಾರ, ನಿಮ್ಮ ಹೊಸ ಮಂಡಿಗೆ ನನ್ನ ವಿಶೇಷ ವಿಚಾರಣೆ. ಮೆಟ್ಟಿಲ ಹತ್ತಿರ ಜೋಪಾನ.

ನಿಮ್ಮ ದೊಡ್ಡವಳು
(ಅಡ್ಡಹೆಸರು ಇನ್ನೂ ಇಟ್ಟಿಲ್ಲ)

ಮತ್ತೆ ಸೇರಿಸಿದ್ದು, ಬುಧವಾರ, ಬೇಗ ಬೇಗ ಬರೀತಿದ್ದೀನಿ, ಅಂಚೆಯ ಹೊತ್ತಾಯಿತು. ಬೆಳಿಗ್ಗೆ ಮೇಡಂಗೆ ಎಲ್ಲ ಹೇಳಿಬಿಟ್ಟೆ. ಹತ್ತೊಂಬತ್ತನ್ನು ಹೊಡೆದು ಹನ್ನೊಂದು ಮಾಡಿದರು. "ಶುಕ್ರವಾರ ನಿನ್ನ ತಂಗಿ ಮಾತಾಡಲಿ, ನೀನು ಪಕ್ಕದಲ್ಲಿ ಡಬ್ಬಿ ಹಿಡ್ಕೊಂಡು ನಿಂತ್ಕೋ" ಅಂದರು. ಟಿಚ್ಚುಗೆ ಫೋನ್ ಮಾಡಿ ಅವಳ ಮಾತು ಕದ್ದದ್ದನ್ನೂ ಮೇಡಂ ಅಂದದ್ದನ್ನೂ ಹೇಳಿದೆ. "ಹಂಗಾದ್ರೆ ಯಾವ ಡಬ್ಬಿ ತರಲಿ ಅಕ್ಕಾ?" ಅಂದಳು. ಬೈಯಲೂ ಇಲ್ಲ, ಅದಕ್ಕೂ ನನಗೆ ಹೊಟ್ಟೆ ಉರೀತು. ಇಲ್ಲಿಗೆ ಸೇರೋಕೆ ಅರ್ಜಿ ತಂದಿಡಲಾ ಅಂದರೆ "ಎರಡು ತಾ, ಒಂದು ತಪ್ಪಾದ್ರೆ" ಅಂದಳು. ಎರಡೂ ಇದರ ಜೊತೆಗಿವೆ, ನೀವು ಸಹಿ ಹಾಕೋ ಕಡೆ ಪೆನ್ಸಿಲ್ ಗುರುತಿದೆ. ಹಾಗಾದರೆ ಅಂಗಡಿಯಲ್ಲಿ ಕೂರೋರು ಯಾರು ಅಂತ ನೀವು ಕೇಳೇ ಕೇಳ್ತೀರಿ. ನಮ್ಮೂರಿನ ಸಂಜೆ ಕಾಲೇಜಿನಲ್ಲಿ ನನ್ನ ಕೋರ್ಸಿನ ಎರಡನೇ ವರ್ಷ ಇದೆ, ವಿಚಾರಿಸಿದ್ದೀನಿ, ಸೀಟು ಕೊಡ್ತಾರಂತೆ. ಬೆಳಿಗ್ಗೆಯಿಂದ ಸಂಜೆವರೆಗೂ ಖಾಲಿ ಇರ್ತೀನಿ. ಕೇಳಿ ಅಪ್ಪ. ನೀವು ಅದೊಂದನ್ನು ಕೇಳಲಿ ಅಂತಲೇ ಇಷ್ಟೆಲ್ಲ ಬರೆದದ್ದು.