ಇಲಿಗೂಡಿನೊಳಗೆ ನಮ್ಮ ಮರದ ಕುದುರೆ

ಆರ್.ಟಿ. ನಗರ,
ಭಾನುವಾರ, ೧೮ ಜುಲೈ ೧೯೮೨

ರಾಯರಿಗೆ ಸೀತೆಯ ನಮಸ್ಕಾರಗಳು.

ದೆಹಲಿಯ ಸೆಖೆಗೆ ಮೂಗಿನಲ್ಲಿ ರಕ್ತ ಬರುತ್ತಿದ್ದದ್ದು ನಿಂತಿತೆ? ತರಬೇತಿ ಅಂತ ಊಟ ಬಿಡಬೇಡಿ, ಮಜ್ಜಿಗೆ ಸಿಕ್ಕರೆ ಕುಡಿಯಿರಿ. ಇಲ್ಲಿ ನಾನೂ ಮಗಳೂ ಕ್ಷೇಮ. ವಸುಧೆಗೆ ಮತ್ತೆ ಫಿಟ್ಸ್ ಬಂದಿಲ್ಲ. ಮೂರು ತುಂಬಿದರೂ ಮಾತು ಮಾತ್ರ ಬಂದಿಲ್ಲ, ನೀವು ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ.

ಮೊನ್ನೆ ನೀವು ಹೇಳಿದಂತೆ ಬೀರುವಿನ ಕೀಲಿ ಕೊಡಲು ಹೆಬ್ಬಾಳದ ನಿಮ್ಮ ಲ್ಯಾಬಿಗೆ ಹೋಗಿದ್ದೆ. ನನಗೆ ನೀವು ಹಾಕಿದ್ದು ಒಂದು ಕಾರ್ಡು, ಅದೂ ಅರ್ಧ ಖಾಲಿ. ನಿಮ್ಮ ಸಹಾಯಕಿ ಜಯಾ ಅವರ ಮೇಜಿನ ಮೇಲೆ ನಿಮ್ಮ ಅಕ್ಷರ ತುಂಬಿದ ನಾಲ್ಕು ಹಾಳೆ! ಹೊಟ್ಟೆಗೆ ಬೆಂಕಿ ಬಿತ್ತು, ಸುಳ್ಳು ಯಾಕೆ ಹೇಳಲಿ. ಆಕೆ ನಗುತ್ತಾ ಓದಿ ತೋರಿಸಿದರು. ಬರೀ ಇಲಿಮರಿಗಳ ವಿಚಾರ. ಯಾವುದು ಸಪ್ಪಗಿದೆ, ಯಾವುದರ ತೂಕ ಏರಿತು, ಆಟಿಕೆ ಬದಲಾಯಿಸಿದಿರಾ. ಆಮೇಲೆ ಜಯಾ ಮೇಲಿನ ಹೊಟ್ಟೆಕಿಚ್ಚೆಲ್ಲ ಇಲಿಗಳ ಮೇಲೆ ತಿರುಗಿತು.

ಆ ಗೂಡು ಎಷ್ಟು ದೊಡ್ಡದು! ಏಣಿ, ಚಕ್ರ, ನುಸುಳಲು ಕೊಳವೆ, ಜೊತೆಗೆ ಆಡಲು ಒಂದು ಹಿಂಡು ಮರಿಗಳು. ನಡುವೆ ನಮ್ಮ ವಸುಧೆಯ ಚನ್ನಪಟ್ಟಣದ ಕೆಂಪು ಕುದುರೆ, ಅದರ ಕಿವಿಯೆಲ್ಲ ಇಲಿಗಳು ಕಡಿದಿದ್ದವು. “ಅವಳು ಆಡೋದೇ ಇಲ್ವಲ್ಲೇ” ಅಂತ ನೀವು ಒಯ್ದದ್ದು ನೆನಪಾಯಿತು. ಪಕ್ಕದ ಸಣ್ಣ ಗೂಡುಗಳಲ್ಲಿ ಒಂದೊಂದೇ ಮರಿ, ಮೂಲೆ ಹಿಡಿದು ಕೂತಿತ್ತು. ಜಯಾ ಹೇಳಿದರು: “ಎರಡು ಕಡೆಯವಕ್ಕೂ ಸಣ್ಣವಿದ್ದಾಗ್ಲೇ ಅದೇ ಫಿಟ್ಸ್ ಔಷಧಿ ಕೊಟ್ಟಿದೀವಿ ಕಣ್ರೀ. ಒಂಟಿ ಮರಿಗಳು ಏನೂ ಬೇಗ ಕಲಿಯಲ್ಲ. ಜೊತೇಲಿ ಬೆಳೆದವು ಎಷ್ಟೋ ಸುಧಾರಿಸ್ಕೊಳ್ತವೆ. ಮೆದುಳು ನೋಡಿದ್ರೂ ವ್ಯತ್ಯಾಸ ಕಾಣ್ಸುತ್ತೆ.”

ಅದೇ ಔಷಧಿಯನ್ನಲ್ಲವೆ ನಾವು ವಸುಧೆಗೆ ಎಂಟನೇ ತಿಂಗಳಿಂದ ಕುಡಿಸುತ್ತಿರುವುದು? ಔಷಧಿ ಬೇಡ ಅನ್ನುತ್ತಿಲ್ಲ, ಮಗುವನ್ನು ಉಳಿಸಿದ್ದೇ ಅದು. ಆದರೆ “ಗಲಾಟೆ ಆಗ್ಬಾರ್ದು ಸೀತಾ, ಯಾರ ಮಕ್ಕಳನ್ನೂ ಒಳಗೆ ಬಿಡ್ಬೇಡ” ಅಂದವರು ನೀವು. ಪರದೆ ಎಳೆದು, ಬೀದಿಯ ಮಕ್ಕಳನ್ನು ಬಾಗಿಲಿನಿಂದಲೇ ಅಟ್ಟಿ, ಅವಳನ್ನು ಗೋಡೆ ನೋಡುತ್ತಾ ಕೂರಿಸಿದವಳು ನಾನು. ಇಲಿಗಳಿಗೆ ಸಂಗಾತಿಗಳನ್ನು ಹುಡುಕಿಕೊಟ್ಟಿರಿ. ನಿಮ್ಮ ಮಗಳನ್ನು ಯಾವ ಗೂಡಿನಲ್ಲಿ ಇಟ್ಟಿರಿ, ನೀವೇ ಹೇಳಿ.

ಗೂಡಿಗೆ ಕೈ ಹಾಕಿ ಕುದುರೆ ಎತ್ತಿಕೊಂಡೆ. “ಪ್ರಯೋಗ ಕೆಡುತ್ತೆ ಕಣ್ರೀ” ಅಂದರು ಜಯಾ. ಕೆಡಲಿ, ನಿಮ್ಮ ಸಾರ್‌ಗೆ ಐದನೇ ಹಾಳೆ ಬರೆಯಿರಿ ಅಂದು ಬಂದೆ.

ಚಟ್ನಿಪುಡಿ ಪಾರ್ಸೆಲ್ ಮಾಡಿದ್ದೇನೆ. ಮೈ ಕಡೆ ಗಮನವಿರಲಿ.

ಇಷ್ಟೆಲ್ಲ ಆದರೂ ನಿಮ್ಮವಳೇ ಆದ,
ಸೀತಾ

ತಾ.ಕ.: ಅಂಚೆಗೆ ಹಾಕುವುದು ತಡವಾಯಿತು. ನಿಮ್ಮನ್ನು ಕೇಳದೆಯೇ ಮಂಗಳವಾರ ಕೊಡಿಗೇಹಳ್ಳಿಯ ನಮ್ಮ ಕೌಸಲ್ಯಕ್ಕನ ಮನೆಗೆ ಬಂದುಬಿಟ್ಟೆವು. ಔಷಧಿ ತಪ್ಪಿಸಿಲ್ಲ. ಅಂಗಳದ ತುಂಬ ಮಕ್ಕಳು, ಕರು, ಗಲಾಟೆ. ರೈಲಿಳಿದು ಲ್ಯಾಬಿಗೆ ಹೋಗಬೇಡಿ, ನೇರ ಇಲ್ಲಿಗೆ ಬನ್ನಿ. ಈಗ ತಾನೆ ಪಕ್ಕದ ಮನೆ ಮುನಿಗಂಗಮ್ಮನ ಮೊಮ್ಮಗಳು ಆ ಕುದುರೆ ಕಿತ್ತುಕೊಂಡಳು. ವಸುಧೆ ಅವಳ ಜುಟ್ಟು ಹಿಡಿದೆಳೆದು, ಇಡೀ ಅಂಗಳಕ್ಕೆ ಕೇಳುವ ಹಾಗೆ “ನಂದು” ಅಂದಳು.